ಬಿಡುವಿನ ಮಾತು: ಇಪ್ಪತ್ತೆರಡು ಆಸನಗಳು

ಈ ಸಲದ ವಿಷಯವನ್ನು ನಾನಾಗಿ ಆರಿಸಿಕೊಂಡದ್ದಲ್ಲ. ನಮ್ಮ ಅಣ್ಣ ನನ್ನ ತಲೆಗೆ ಕಟ್ಟಿದ್ದು. ಅವನು ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ಫೋರ್‌ಮನ್. ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದವನು, ಕಾಫಿಯ ಲೋಟವನ್ನು ಕೆಳಗಿಡುವುದಕ್ಕೆ ಮುಂಚೆಯೇ, "ಏನೋ, ಹಾಸನದ ಸೈಟನ್ನು ಈಗ ಮಾರಿದರೆ ಎಷ್ಟು ಬಂದೀತು?" ಎಂದ.

ಹಾಸನದ ಸೈಟು ಎಂದರೆ ಸಾಮಾನ್ಯ ವಸ್ತುವಲ್ಲ. ಮೂವತ್ತು-ನಲವತ್ತರ ಆ ತುಂಡು ನೆಲದ ಮೇಲೆ ಅಣ್ಣ ಮನಸ್ಸಿನಲ್ಲೇ ಮನೆ ಕಟ್ಟಿ ಹನ್ನೆರಡು ವರ್ಷವಾಯಿತು. ನಿವೃತ್ತನಾದ ಮೇಲೆ ಚೆನ್ನೈನ ಸೆಕೆಯಿಂದ ಪಾರಾಗಿ ಅಲ್ಲಿ ಹೋಗಿ ನೆಲಸುವುದೆಂದು ಲೆಕ್ಕ. ತುಳಸಿಕಟ್ಟೆ ಎಲ್ಲಿ, ಕರಿಬೇವಿನ ಗಿಡ ಎಲ್ಲಿ ಎಂಬುದನ್ನು ಕೂಡ ಅತ್ತಿಗೆ ಗೊತ್ತುಮಾಡಿಟ್ಟಿದ್ದಾರೆ. ಅಂಥ ಸೈಟನ್ನು ಮಾರುವ ಮಾತೇಕೆ ಬಂದಿತು?

ಬಂದದ್ದು ಮಗನಿಂದ. 2024ರ ಆಗಸ್ಟ್ ಕೊನೆಯಲ್ಲಿ ಚೆನ್ನೈನ ಐಲ್ಯಾಂಡ್ ಗ್ರೌಂಡ್ಸ್ ಸುತ್ತ ಮೂರೂವರೆ ಕಿಲೋಮೀಟರಿನ ಬೀದಿಯಲ್ಲಿ ರಾತ್ರಿ ದೀಪ ಹಾಕಿ ಓಟದ ಕಾರುಗಳನ್ನು ಓಡಿಸಿದರಲ್ಲ, ಅದನ್ನು ನೋಡಲು ನಾವೆಲ್ಲ ಹೋಗಿದ್ದೆವು. ನನಗೆ ಕಿವಿ ಗುಂಯ್‌ಗುಟ್ಟಿದ್ದಷ್ಟೇ ಲಾಭ. ಹುಡುಗನಿಗೆ ಬೇರೇನೋ ಹತ್ತಿಕೊಂಡಿತು. ಆಮೇಲೆ ಅಣ್ಣ ಅವನನ್ನು ಬಾಡಿಗೆಯ ಪುಟ್ಟ ಕಾರ್ಟ್ ಗಾಡಿಗಳನ್ನು ಓಡಿಸುವ ಜಾಗಕ್ಕೆ ಆಗಾಗ ಕರೆದುಕೊಂಡು ಹೋದ. ಅಲ್ಲಿ ಗಡಿಯಾರ ಹಿಡಿದು ನಿಂತಿದ್ದವನೊಬ್ಬ, "ಸಾರ್, ಹುಡುಗನ ಕೈ ಚೆನ್ನಾಗಿದೆ, ಬಿಡಬೇಡಿ" ಎಂದನಂತೆ. ಹುಡುಗನಿಗೆ ಈಗ ಹನ್ನೊಂದು ತುಂಬಿದೆ. ಅವನು ಫಾರ್ಮುಲಾ ಒನ್ನಿಗೆ ಹೋಗುತ್ತಾನಂತೆ.

"ನೀನು ಬಿ.ಎ. ಓದಿದವನು. ಈ ಫಾರ್ಮುಲಾ ಒನ್ ಎಂಬುದರೊಳಕ್ಕೆ ಜನ ಹೇಗೆ ಹೋಗುತ್ತಾರೆ, ಕಂಪೆನಿಗಳು ಹೇಗೆ ಹೋಗುತ್ತವೆ, ಸರಿಯಾಗಿ ನೋಡಿ ಹೇಳು. ನೀನು ಹೂಂ ಎಂದರೆ ಸೈಟು ಮಾರುತ್ತೇನೆ" ಎಂದು ಅಣ್ಣ ಎದ್ದು ಹೋದ.

ನನ್ನ ಬಿ.ಎ.ಯಲ್ಲಿ ಮೋಟಾರು ಓಟ ಇರಲಿಲ್ಲ, ಇತಿಹಾಸವಿತ್ತು. ಆದರೆ ಆ ಬಿ.ಎ.ಯ ಫೀಸನ್ನು ಮೂರು ವರ್ಷ ಕಟ್ಟಿದವನು ಅಣ್ಣ. ತಾನು ಐ.ಟಿ.ಐ.ಗೆ ನಿಲ್ಲಿಸಿ ನನ್ನನ್ನು ಕಾಲೇಜಿಗೆ ಕಳುಹಿಸಿದವನು. ಆದುದರಿಂದ ಇಲ್ಲವೆನ್ನುವಂತಿರಲಿಲ್ಲ. ಕಚೇರಿಯಲ್ಲಿ ಟಿಪ್ಪಣಿ ಬರೆದು ಬರೆದು ಪಳಗಿದ ಕೈ. ಮೂರು ವಾರ ಸಂಜೆಗಳಲ್ಲಿ ಕುಳಿತು ಅವನಿಗಾಗಿ ಒಂದು ಟಿಪ್ಪಣಿ ಸಿದ್ಧಪಡಿಸಿದೆ. ನಮ್ಮ ಸಂಘದ ಮನೆಗಳಲ್ಲಿಯೂ ಇಂಥ ಹುಡುಗರು ಇರಬಹುದೆಂದು ಅದನ್ನೇ ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ.

ಮೊದಲು ಹೆಸರಿನ ಮಾತು. ಫಾರ್ಮುಲಾ ಎಂದರೆ ಸೂತ್ರ. ಕಾರು ಇಷ್ಟು ಉದ್ದ, ಇಷ್ಟು ತೂಕ, ಇಂಜಿನ್ನು ಇಂಥದು ಎಂದು ಕಟ್ಟಿಕೊಟ್ಟ ಕಟ್ಟಳೆಗಳ ಕಟ್ಟು ಅದು. ಆ ಕಟ್ಟಳೆಗೆ ಒಳಪಟ್ಟ ಕಾರುಗಳು ಮಾತ್ರ ಆ ಪಂದ್ಯಕ್ಕೆ ಬರಬಹುದು. ಇಂಥ ಸೂತ್ರಗಳಲ್ಲಿ ಒಂದನೆಯದು, ಎಲ್ಲಕ್ಕೂ ಮೇಲಿನದು, ಫಾರ್ಮುಲಾ ಒನ್. ಇದರ ಜಾಗತಿಕ ಚಾಂಪಿಯನ್ ಪದವಿಯ ಪಂದ್ಯಗಳು 1950ರ ಮೇ 13ರಂದು ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನಲ್ಲಿ ಮೊದಲಾದುವು. ಕಟ್ಟಳೆಗಳನ್ನು ಮಾಡುವುದು ಎಫ್.ಐ.ಎ. ಎಂಬ ಅಂತರರಾಷ್ಟ್ರೀಯ ಮೋಟಾರು ಒಕ್ಕೂಟ.

2026ರ ಸಾಲಿಗೆ ಈ ಪಂದ್ಯಗಳಲ್ಲಿ 11 ತಂಡಗಳು. ಒಂದೊಂದು ತಂಡಕ್ಕೆ ಇಬ್ಬರು ಚಾಲಕರು. ಅಂದರೆ ಇಡೀ ಭೂಮಂಡಲಕ್ಕೆ ಇಪ್ಪತ್ತೆರಡು ಆಸನಗಳು. ನಮ್ಮ ಸಿವಿಲ್ ಸರ್ವೀಸು ಪರೀಕ್ಷೆಯನ್ನು ಕಷ್ಟವೆನ್ನುತ್ತೇವೆ. ಅಲ್ಲಾದರೂ ವರ್ಷಕ್ಕೆ ನೂರಾರು ಮಂದಿಗೆ ಬಾಗಿಲು ತೆರೆಯುತ್ತದೆ. ಇಲ್ಲಿ ಹಾಗಲ್ಲ. 2024ರ ಮೊದಲ ಪಂದ್ಯಕ್ಕೆ ಸಾಲುಗಟ್ಟಿ ನಿಂತ ಇಪ್ಪತ್ತು ಮಂದಿ, 2023ರ ಕೊನೆಯ ಪಂದ್ಯದಲ್ಲಿ ನಿಂತಿದ್ದ ಅದೇ ಇಪ್ಪತ್ತು ಮಂದಿ. ಒಬ್ಬರೂ ಹೊಸಬರಿಲ್ಲ. ಮರುವರ್ಷ ಒಂದಿಷ್ಟು ಹೊಸ ಮುಖಗಳು ಬಂದುವು, ನಿಜ. ಆದರೆ 2026ಕ್ಕೆ ಕ್ಯಾಡಿಲಾಕ್ ಎಂಬ ಹನ್ನೊಂದನೆಯ ತಂಡ ಸೇರಿ ಎರಡು ಆಸನ ಹೆಚ್ಚಾದಾಗ, ಅವೆರಡೂ ಹೋದದ್ದು ಸೆರ್ಜಿಯೊ ಪೆರೆಸ್ ಮತ್ತು ವಾಲ್ಟೆರಿ ಬೊಟ್ಟಾಸ್ ಎಂಬ ಹಳೆಯ ಹುಲಿಗಳಿಗೆ. ಹೊಸ ತಂಡಕ್ಕೆ ಅನುಭವ ಬೇಕು, ಅನುಭವಕ್ಕೆ ಆಸನ ಬೇಕು. ಕೆಲಸಕ್ಕೆ ಅರ್ಜಿ ಹಾಕಿದ ಯಾರಿಗೆ ಈ ಚಕ್ರ ಗೊತ್ತಿಲ್ಲ!

ಹಿಂದೆ ಜನ ಇದರೊಳಗೆ ಹೇಗೆ ಬರುತ್ತಿದ್ದರು ಎಂಬುದನ್ನು ನೋಡಿದರೆ ಕಥೆ ಓದಿದಂತೆಯೇ ಆಗುತ್ತದೆ. ಐದು ಸಲ ಚಾಂಪಿಯನ್ನಾದ ಹುವಾನ್ ಮಾನ್ವೆಲ್ ಫಾಂಜಿಯೊ ಅರ್ಜೆಂಟೀನಾ ದೇಶದ ಬಾಲ್ಕಾರ್ಸೆ ಎಂಬ ಸಣ್ಣ ಊರಿನ ಮೆಕ್ಯಾನಿಕ್. ಅವನಿಗೆ ಓಟದ ಕಾರು ಕೊಳ್ಳಲು ಊರಿನವರು ಚಂದಾ ಎತ್ತಿದರು. ನಮ್ಮಲ್ಲಿ ರಥೋತ್ಸವಕ್ಕೆ ಪಟ್ಟಿ ಹಾಕುವಂತೆ ಹಾಕಿದರೆಂದು ಕಾಣುತ್ತದೆ. ಅವನು ಯೂರೋಪಿಗೆ ಹೋಗಿ ಮೊದಲ ಪದವಿ ಗೆದ್ದದ್ದು 1951ರಲ್ಲಿ, ನಲವತ್ತನೆಯ ವಯಸ್ಸಿನಲ್ಲಿ. ಇವತ್ತಿನ ಚಾಲಕರಲ್ಲಿ ಹೆಚ್ಚಿನವರು ನಲವತ್ತಕ್ಕೆ ಮೊದಲೇ ಗಾಡಿಯಿಂದ ಇಳಿದಿರುತ್ತಾರೆ.

ಆಸ್ಟ್ರಿಯಾದ ನಿಕಿ ಲೌಡಾ ಹಣವಂತರ ಮನೆಯವನು. ಆದರೆ ಮೊಮ್ಮಗ ಮೋಟಾರು ಓಡಿಸುವುದು ತಾತನಿಗೆ ಬೇಡ. ಮನೆಯಿಂದ ಕಾಸು ಹುಟ್ಟಲಿಲ್ಲ. ಲೌಡಾ ತನ್ನ ಜೀವವಿಮೆಯನ್ನು ಆಧಾರವಾಗಿಟ್ಟು ಬ್ಯಾಂಕಿನಲ್ಲಿ ಸಾಲ ತೆಗೆದು, ಮಾರ್ಚ್ ಎಂಬ ತಂಡದಲ್ಲಿ ಆಸನ ಕೊಂಡುಕೊಂಡ. ಆ ವರ್ಷ ಗಾಡಿ ಕೆಟ್ಟದ್ದಾಗಿತ್ತು. ಸಾಲ ಮಾತ್ರ ಗಟ್ಟಿಯಾಗಿ ಉಳಿಯಿತು. ಆದರೂ ಅವನ ಕೈಯನ್ನು ನೋಡಬೇಕಾದವರು ನೋಡಿದ್ದರು. 1974ಕ್ಕೆ ಫೆರಾರಿ ಸೇರಿದ; 1975, 1977, 1984ರಲ್ಲಿ ಚಾಂಪಿಯನ್ನಾದ. ಇಂಗ್ಲೆಂಡಿನ ನೈಜಲ್ ಮ್ಯಾನ್ಸೆಲ್ ದಂಪತಿಗಳು 1978ರಲ್ಲಿ ಇದ್ದ ಮನೆಯನ್ನೇ ಮಾರಿ ಫಾರ್ಮುಲಾ ಮೂರರ ಪಂದ್ಯಕ್ಕೆ ಹಣ ಹೊಂದಿಸಿದರು. ಅವನು ಚಾಂಪಿಯನ್ನಾದದ್ದು 1992ರಲ್ಲಿ.

ಇದನ್ನು ಓದಿ ಹೇಳುತ್ತಿದ್ದಾಗ ಅಣ್ಣನ ಮುಖ ಅರಳಿತು. "ನೋಡಿದೆಯಾ? ಮನೆ ಮಾರಿದವನು ಗೆದ್ದ" ಎಂದ. ನಾನು ಹೇಳಿದೆ: "ಅಣ್ಣಾ, ಮನೆ ಮಾರಿ ಗೆದ್ದವನ ಹೆಸರು ಪುಸ್ತಕದಲ್ಲಿದೆ. ಮನೆ ಮಾರಿ ಸೋತವರ ಹೆಸರನ್ನು ಯಾರು ಬರೆದಿಡುತ್ತಾರೆ?" ಅವನು ಸುಮ್ಮನಾದ. ನನಗೂ ಹಾಗೆ ಹೇಳಬಾರದಿತ್ತೇನೋ ಎನ್ನಿಸಿತು. ಆದರೆ ಟಿಪ್ಪಣಿ ಬರೆಯುವವನು ಎರಡು ಕಡೆಯನ್ನೂ ಬರೆಯಬೇಕಷ್ಟೆ.

ಈಗಿನ ಕಾಲದಲ್ಲಿ ದಾರಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿಬಿಟ್ಟಿದೆ. ಮೊದಲನೆಯದು ಕಾರ್ಟ್. ನೆಲಕ್ಕೆ ಒಂದು ಗೇಣು ಮೇಲೆ ಕುಳಿತು ಓಡಿಸುವ, ಮೇಲ್ಛಾವಣಿಯಿಲ್ಲದ ಪುಟ್ಟ ಗಾಡಿ. ಏಳೆಂಟು ವರ್ಷಕ್ಕೇ ಮಕ್ಕಳು ಇದರಲ್ಲಿ ಕೂರುತ್ತಾರೆ. ಹದಿನೈದಕ್ಕೆ ಫಾರ್ಮುಲಾ ನಾಲ್ಕು. ಇದು ನಮ್ಮ ದೇಶದಲ್ಲಿಯೂ 2023ರಿಂದ ನಡೆಯುತ್ತಿದೆ. ಅದರ ಮೇಲೆ ಪ್ರಾಂತೀಯ ಫಾರ್ಮುಲಾ, ಅದರ ಮೇಲೆ ಫಾರ್ಮುಲಾ ಮೂರು, ಫಾರ್ಮುಲಾ ಎರಡು. ಈ ಕೊನೆಯ ಎರಡರ ಪಂದ್ಯಗಳು ಫಾರ್ಮುಲಾ ಒನ್ ನಡೆಯುವ ಹಾದಿಯಲ್ಲೇ, ಅದೇ ವಾರದ ಕೊನೆಯಲ್ಲಿ ನಡೆಯುತ್ತವೆ. ದೊಡ್ಡ ತಂಡಗಳ ಯಜಮಾನರು ಕಿಟಕಿಯಿಂದ ಬಗ್ಗಿ ನೋಡಿದರೆ ಸಾಕು, ಮುಂದಿನ ವರ್ಷದ ಅಭ್ಯರ್ಥಿಗಳು ಕಣ್ಣಿಗೆ ಬೀಳುತ್ತಾರೆ.

ಮೆಟ್ಟಿಲು ಹತ್ತಿದರೆ ಸಾಲದು, ಪರವಾನಿಗೆ ಬೇಕು. ಅದಕ್ಕೆ ಸೂಪರ್ ಲೈಸೆನ್ಸು ಎಂದು ಹೆಸರು. ವಯಸ್ಸು ಹದಿನೆಂಟಾಗಿರಬೇಕು. ಅಪರೂಪಕ್ಕೆ ಹದಿನೇಳಕ್ಕೂ ಕೊಡುವ ಅಧಿಕಾರವನ್ನು ಎಫ್.ಐ.ಎ. 2024ರಲ್ಲಿ ತನ್ನ ಕೈಯಲ್ಲಿಟ್ಟುಕೊಂಡಿತು. ಫಾರ್ಮುಲಾ ಒನ್ ಗಾಡಿಯನ್ನು ಅಭ್ಯಾಸಕ್ಕಾಗಿ 300 ಕಿಲೋಮೀಟರು ಓಡಿಸಿರಬೇಕು. ಕಟ್ಟಳೆಗಳ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮೂರು ವರ್ಷಗಳಲ್ಲಿ 40 ಅಂಕಗಳನ್ನು ಕೂಡಿಹಾಕಿರಬೇಕು. ಫಾರ್ಮುಲಾ ಎರಡರಲ್ಲಿ ಮೊದಲ ಮೂರು ಸ್ಥಾನಗಳಲ್ಲಿ ಬಂದವನಿಗೆ ನಲವತ್ತೂ ಒಮ್ಮೆಗೇ ಸಿಗುತ್ತವೆ. ಫಾರ್ಮುಲಾ ಮೂರರ ಚಾಂಪಿಯನ್ನನಿಗೆ 30. ಫಾರ್ಮುಲಾ ನಾಲ್ಕರ ಚಾಂಪಿಯನ್ನನಿಗೆ 12. ನಮ್ಮ ಇಲಾಖೆಯ ಬಡ್ತಿ ಪರೀಕ್ಷೆಯ ಸುತ್ತೋಲೆಯಂತೆಯೇ ಇದೆ, ಓದಿ ನನಗೆ ತವರುಮನೆಗೆ ಹೋದಂತಾಯಿತು.

ಈ ಬಿಗಿಯಾದ ನಿಯಮಗಳು ಬಂದದ್ದಕ್ಕೆ ಒಬ್ಬ ಹುಡುಗ ಕಾರಣ. ಮ್ಯಾಕ್ಸ್ ವೆರ್ಸ್ಟಾಪ್ಪೆನ್ 2015ರಲ್ಲಿ ಆಸ್ಟ್ರೇಲಿಯಾದ ಪಂದ್ಯಕ್ಕೆ ಇಳಿದಾಗ ಅವನಿಗೆ ಹದಿನೇಳು ವರ್ಷ. ಜಗತ್ತಿನ ಅತಿ ವೇಗದ ಗಾಡಿಯನ್ನು ಓಡಿಸುತ್ತಿದ್ದ ಅವನಿಗೆ ಊರಿನ ಬೀದಿಯಲ್ಲಿ ಸಾಮಾನ್ಯ ಕಾರು ಓಡಿಸುವ ಲೈಸೆನ್ಸು ಇರಲಿಲ್ಲ! ಆ ಪರೀಕ್ಷೆಯಲ್ಲಿ ಅವನು ತೇರ್ಗಡೆಯಾದದ್ದು ಅದೇ ವರ್ಷ ಸೆಪ್ಟೆಂಬರ್ 30ರಂದು, ತನ್ನ ಹದಿನೆಂಟನೆಯ ಹುಟ್ಟುಹಬ್ಬದ ದಿನ. 2016ರಿಂದ ಹೊಸ ನಿಯಮ ಜಾರಿಗೆ ಬಂದಿತು.

ಇನ್ನು ಹಣ. ಇದೇ ನಮ್ಮ ಟಿಪ್ಪಣಿಯ ಹೃದಯ. ಕಾರ್ಟ್ ಮಕ್ಕಳಾಟದಂತೆ ಕಂಡರೂ ಪಂದ್ಯಕ್ಕೆ ಇಳಿದ ಮೇಲೆ ಟೈರು, ಇಂಜಿನ್ನು, ಮೆಕ್ಯಾನಿಕ್ಕು, ಪ್ರಯಾಣ ಎಂದು ಖರ್ಚು ಬೆಳೆಯುತ್ತದೆ. ಮೇಲಿನ ಮೆಟ್ಟಿಲುಗಳಲ್ಲಿ ಚಾಲಕನಿಗೆ ತಂಡ ಸಂಬಳ ಕೊಡುವುದಿಲ್ಲ; ಚಾಲಕನೇ ತಂಡಕ್ಕೆ ಹಣ ತರಬೇಕು. ಯೂರೋಪಿನಲ್ಲಿ ಫಾರ್ಮುಲಾ ಎರಡರ ಒಂದು ವರ್ಷದ ಆಸನಕ್ಕೆ ಹತ್ತು ಲಕ್ಷ ಯೂರೋ ದಾಟುತ್ತದೆ. ನಮ್ಮ ರೂಪಾಯಿಗೆ ಬದಲಾಯಿಸಿ ನೋಡಿದ ಅಣ್ಣ, ಸೊನ್ನೆಗಳನ್ನು ಎರಡು ಸಲ ಎಣಿಸಿದ.

ಹಾಗಾದರೆ ಸಾಮಾನ್ಯರ ಮಕ್ಕಳು ಯಾರೂ ಹೋಗಿಲ್ಲವೇ? ಹೋಗಿದ್ದಾರೆ. ಏಳು ಸಲ ಚಾಂಪಿಯನ್ನಾದ ಮಿಖಾಯೆಲ್ ಶೂಮಾಕರನ ತಂದೆ ಜರ್ಮನಿಯ ಕೆರ್ಪೆನ್ ಊರಿನಲ್ಲಿ ಇಟ್ಟಿಗೆಯ ಕೆಲಸ ಮಾಡುತ್ತಿದ್ದವನು. ಅಲ್ಲಿನ ಕಾರ್ಟ್ ಹಾದಿಯನ್ನು ನೋಡಿಕೊಳ್ಳುತ್ತಿದ್ದ. ಅವನಷ್ಟೇ ಸಲ ಚಾಂಪಿಯನ್ನಾದ ಲೂಯಿಸ್ ಹ್ಯಾಮಿಲ್ಟನ್ನನ ತಂದೆ ಮಗನ ಕಾರ್ಟ್ ಖರ್ಚಿಗಾಗಿ ಒಂದಕ್ಕಿಂತ ಹೆಚ್ಚು ಕೆಲಸಗಳನ್ನು ಹಿಡಿದು ದುಡಿದ. ಎಂಟಕ್ಕೆ ಕಾರ್ಟ್ ಹತ್ತಿದ ಆ ಹುಡುಗ ಹತ್ತನೆಯ ವಯಸ್ಸಿನಲ್ಲಿ, 1995ರಲ್ಲಿ, ಒಂದು ಸಮಾರಂಭದಲ್ಲಿ ಮ್ಯಾಕ್ಲಾರೆನ್ ತಂಡದ ಯಜಮಾನ ರಾನ್ ಡೆನಿಸನ ಬಳಿಗೆ ನೇರವಾಗಿ ಹೋಗಿ, ಮುಂದೊಂದು ದಿನ ನಿಮ್ಮ ಗಾಡಿ ಓಡಿಸುತ್ತೇನೆ ಎಂದ. 1998ರಲ್ಲಿ ಆ ತಂಡ ಅವನ ಖರ್ಚನ್ನು ವಹಿಸಿಕೊಂಡಿತು. ಫ್ರಾನ್ಸಿನ ಎಸ್ಟೆಬಾನ್ ಓಕೋನನ ತಂದೆ ಮೆಕ್ಯಾನಿಕ್. ತಂದೆತಾಯಿ ಮನೆಯನ್ನೂ ಗ್ಯಾರೇಜನ್ನೂ ಮಾರಿ, ಚಕ್ರದ ಮೇಲಿನ ಗಾಡಿಯನ್ನೇ ಮನೆಯಾಗಿ ಮಾಡಿಕೊಂಡು ಮಗನೊಡನೆ ಪಂದ್ಯದಿಂದ ಪಂದ್ಯಕ್ಕೆ ಅಲೆದರು.

ಈ ಮೂವರ ಕಥೆಗಳಲ್ಲಿ ನಾನು ಕಂಡ ಒಂದು ಸಮಾನ ಅಂಶವಿದೆ. ತಂದೆತಾಯಿಗಳ ಹಣ ಕೆಳಗಿನ ಮೆಟ್ಟಿಲುಗಳವರೆಗೆ ಮಾತ್ರ ಬಂದಿತು. ಅಲ್ಲಿಂದ ಮೇಲೆ ಎತ್ತಿದವರು ಬೇರೆಯವರು. ಕಾರು ಕಂಪೆನಿಯೋ, ದೊಡ್ಡ ತಂಡವೋ, ಧನವಂತ ಪೋಷಕನೋ ಆ ಹುಡುಗನ ಮೇಲೆ ಪಣ ಕಟ್ಟಿದರು. ಫೆರಾರಿ, ಮರ್ಸಿಡಿಸ್, ರೆಡ್ ಬುಲ್ ಮೊದಲಾದ ತಂಡಗಳು ಹೀಗೆ ಚಿಕ್ಕಂದಿನಲ್ಲೇ ಮಕ್ಕಳನ್ನು ಆರಿಸಿ ಸಾಕುತ್ತವೆ, ಬೇಡವೆಂದರೆ ಕೈಬಿಡುತ್ತವೆ. ಹಣ ಕೊಟ್ಟು ಬಂದವರೆಲ್ಲ ದಡ್ಡರೆಂದೂ ತಿಳಿಯಬಾರದು. ವೆನೆಜುವೆಲಾದ ಸರ್ಕಾರಿ ಎಣ್ಣೆ ಕಂಪೆನಿಯ ಹಣದೊಡನೆ ಬಂದ ಪಾಸ್ಟರ್ ಮಾಲ್ಡೊನಾಡೊ 2012ರಲ್ಲಿ ಸ್ಪೇನಿನ ಪಂದ್ಯವನ್ನು ಗೆದ್ದೇಬಿಟ್ಟ.

ಅದೃಷ್ಟವೂ ಬೇಕು. 1991ರಲ್ಲಿ ಜೋರ್ಡನ್ ತಂಡದ ಚಾಲಕನೊಬ್ಬ ಲಂಡನ್ನಿನ ಟ್ಯಾಕ್ಸಿಯವನೊಡನೆ ಜಗಳವಾಡಿ, ಅವನ ಮುಖಕ್ಕೆ ಕಣ್ಣೀರು ಬರಿಸುವ ಅನಿಲ ಸಿಂಪಡಿಸಿ ಜೈಲು ಸೇರಿದ. ಬೆಲ್ಜಿಯಂ ಪಂದ್ಯಕ್ಕೆ ತಂಡದಲ್ಲಿ ಆಸನ ಖಾಲಿಯಾಯಿತು. ಮರ್ಸಿಡಿಸ್ ಕಂಪೆನಿ ಹಣ ತೆತ್ತು ಶೂಮಾಕರನನ್ನು ಅಲ್ಲಿ ಕೂರಿಸಿತು. ಆ ಹಾದಿ ಹುಡುಗನಿಗೆ ಗೊತ್ತೇ ಎಂದು ಕೇಳಿದರೆ, ಅವನ ವ್ಯವಹಾರ ನೋಡುತ್ತಿದ್ದವನು ಚೆನ್ನಾಗಿ ಗೊತ್ತು ಎಂದನಂತೆ. ಅವನು ಅಲ್ಲಿ ಒಮ್ಮೆಯೂ ಓಡಿಸಿರಲಿಲ್ಲ. ಅರ್ಹತೆಯ ಸುತ್ತಿನಲ್ಲಿ ಏಳನೆಯವನಾಗಿ ಬಂದ. ಪಂದ್ಯದ ದಿನ ಮೊದಲ ಸುತ್ತಿನಲ್ಲೇ ಕ್ಲಚ್ಚು ಕೆಟ್ಟು ನಿಂತ. ಆದರೂ ಮುಂದಿನ ಪಂದ್ಯಕ್ಕೆ ಅದಕ್ಕಿಂತ ದೊಡ್ಡ ಬೆನೆಟನ್ ತಂಡ ಅವನನ್ನು ಎಳೆದುಕೊಂಡಿತು.

ನಮ್ಮವರ ಮಾತು ಬೇಡವೇ? ಫಾರ್ಮುಲಾ ಒನ್ನಿನಲ್ಲಿ ಓಡಿಸಿದ ಭಾರತೀಯರು ಈವರೆಗೆ ಇಬ್ಬರೇ. ಕೊಯಮತ್ತೂರಿನ ನರೇನ್ ಕಾರ್ತಿಕೇಯನ್ 2005ರಲ್ಲಿ ಜೋರ್ಡನ್ ತಂಡದಿಂದ ಮೊದಲಿಗನಾಗಿ ಇಳಿದರು. ಆ ವರ್ಷ ಅಮೆರಿಕದ ಪಂದ್ಯದಲ್ಲಿ ಟೈರಿನ ಅಪಾಯದಿಂದ ಹದಿನಾಲ್ಕು ಗಾಡಿಗಳು ಹಿಂದೆ ಸರಿದು ಆರೇ ಉಳಿದಾಗ ನಾಲ್ಕನೆಯವರಾಗಿ ಬಂದು ಅಂಕ ಗಳಿಸಿದರು. ಚೆನ್ನೈನ ಕರುಣ್ ಚಾಂಧೋಕ್ 2010ರಲ್ಲಿ ಇಳಿದರು. ಇಬ್ಬರ ತಂದೆಯರೂ ಹೆಸರಾಂತ ರ್‍ಯಾಲಿ ಓಟಗಾರರು. ಮನೆಯಲ್ಲೇ ಪೆಟ್ರೋಲಿನ ವಾಸನೆಯಿತ್ತು. ಆಮೇಲೆ ಮುಂಬಯಿಯ ಜೆಹಾನ್ ದಾರುವಾಲಾ 2020ರಿಂದ ನಾಲ್ಕು ವರ್ಷ ಫಾರ್ಮುಲಾ ಎರಡರಲ್ಲಿ ಓಡಿಸಿ ಪಂದ್ಯಗಳನ್ನೂ ಗೆದ್ದರು. ನಮ್ಮ ಬೆಂಗಳೂರಿನ ಕುಶ್ ಮೈನಿ 2025ರ ಮೇ ತಿಂಗಳಲ್ಲಿ ಮೊನಾಕೊದ ಇಕ್ಕಟ್ಟಿನ ಬೀದಿಗಳಲ್ಲಿ ಫಾರ್ಮುಲಾ ಎರಡರ ಕಿರುಪಂದ್ಯವನ್ನು ಗೆದ್ದರು. ಅವರದು ರೇವಾ ವಿದ್ಯುತ್ ಕಾರು ಮಾಡಿದ ಉದ್ಯಮಿಗಳ ಮನೆತನ. ಕೊನೆಯ ಮೆಟ್ಟಿಲಿನವರೆಗೆ ಬಂದು ಬಾಗಿಲು ತಟ್ಟಿದವರು ಇವರು. ಬಾಗಿಲು ತಟ್ಟಿದ್ದು ಸಣ್ಣ ಮಾತಲ್ಲ. ಆದರೆ ತಟ್ಟಿದವರಿಗೆಲ್ಲ ಅದು ತೆರೆಯುವುದೂ ಇಲ್ಲ.

ಇನ್ನು ಕಂಪೆನಿಗಳು. ಫೋರ್‌ಮನ್ನನಾದ ಅಣ್ಣನಿಗೆ ಇದರಲ್ಲೇ ಹೆಚ್ಚು ಕುತೂಹಲ. ಫಾರ್ಮುಲಾ ಒನ್ನಿನಲ್ಲಿ ಕಾರನ್ನು ಅಂಗಡಿಯಿಂದ ತಂದು ಓಡಿಸುವಂತಿಲ್ಲ; ಗಾಡಿಯ ಒಡಲಿನ ವಿನ್ಯಾಸ ಆಯಾ ತಂಡದ್ದೇ ಆಗಿರಬೇಕು. ಇಂಜಿನ್ನನ್ನು ಬೇರೆಯವರಿಂದ ಕೊಳ್ಳಬಹುದು. ಆದುದರಿಂದ ಕಂಪೆನಿಗೆ ಮೂರು ದಾರಿಗಳು: ತಾನೇ ಹೊಸ ತಂಡ ಕಟ್ಟುವುದು, ಇರುವ ತಂಡವನ್ನು ಕೊಳ್ಳುವುದು, ಇಲ್ಲವೆ ಇಂಜಿನ್ನು ಮಾತ್ರ ಒದಗಿಸುವುದು.

ಮೊದಲನೆಯ ದಾರಿಯ ಧೀರರಲ್ಲಿ ಹೋಂಡಾ ಒಬ್ಬರು. ಮೋಟಾರು ಸೈಕಲ್ಲಿಗೆ ಹೆಸರಾದ ಆ ಜಪಾನೀ ಕಂಪೆನಿ ಕಾರು ಮಾರಲು ಶುರುಮಾಡಿದ್ದೇ 1963ರಲ್ಲಿ. ಮರುವರ್ಷವೇ ತನ್ನ ಗಾಡಿ, ತನ್ನ ಇಂಜಿನ್ನು ಹಿಡಿದು ಫಾರ್ಮುಲಾ ಒನ್ನಿಗೆ ಬಂದಿತು. 1965ರಲ್ಲಿ ಮೆಕ್ಸಿಕೊದಲ್ಲಿ ಗೆದ್ದೂ ಬಿಟ್ಟಿತು. ಅದೇ ಜಪಾನಿನ ಟೊಯೋಟಾ 2002ರಿಂದ 2009ರವರೆಗೆ ಎಂಟು ವರ್ಷ ನೀರಿನಂತೆ ಹಣ ಸುರಿದು, ಒಂದೇ ಒಂದು ಪಂದ್ಯ ಗೆಲ್ಲದೆ ಮನೆಗೆ ಹೋಯಿತು. ಹಣವಿದ್ದ ಮಾತ್ರಕ್ಕೆ ಆಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಈಗ ಹೊಸ ತಂಡಕ್ಕೆ ಬಾಗಿಲು ಇನ್ನೂ ಕಿರಿದು. ಅಮೆರಿಕದ ಆಂಡ್ರೆಟ್ಟಿ ಎಂಬ ಓಟದ ಮನೆತನದವರು ಅರ್ಜಿ ಹಾಕಿದರು. 2023ರ ಅಕ್ಟೋಬರಿನಲ್ಲಿ ಎಫ್.ಐ.ಎ. ಒಪ್ಪಿತು. ಆದರೆ ಪಂದ್ಯಗಳ ವ್ಯಾಪಾರದ ಹಕ್ಕುಳ್ಳ ಸಂಸ್ಥೆ 2024ರ ಜನವರಿಯಲ್ಲಿ ಬೇಡವೆಂದಿತು. ಒಂದು ಇಲಾಖೆ ಒಪ್ಪಿ, ಇನ್ನೊಂದು ಇಲಾಖೆ ತಿರಸ್ಕರಿಸುವುದು ನಮ್ಮ ಸ್ವಂತ ವಿದ್ಯೆಯೆಂದು ನಾನು ತಿಳಿದಿದ್ದೆ! ಕೊನೆಗೆ ಜನರಲ್ ಮೋಟಾರ್ಸ್ ತನ್ನ ಕ್ಯಾಡಿಲಾಕ್ ಹೆಸರಿನಲ್ಲಿ ಮುಂದೆ ಬಂದ ಮೇಲೆ 2025ರ ಮಾರ್ಚಿನಲ್ಲಿ ಪೂರ್ಣ ಒಪ್ಪಿಗೆ ಸಿಕ್ಕಿತು. ಮೊದಮೊದಲು ಫೆರಾರಿಯ ಇಂಜಿನ್ನು, ಆಮೇಲೆ ಸ್ವಂತದ್ದು ಎಂಬ ಕರಾರು. ಹಳೆಯ ತಂಡಗಳು ಇಷ್ಟು ಹಟ ಹಿಡಿಯುವುದೇಕೆ? ವರ್ಷದ ಆದಾಯದಲ್ಲಿ ತಂಡಗಳಿಗೆ ಪಾಲುಂಟು. ಹತ್ತು ಎಲೆಗೆ ಬಡಿಸಿದ ಪಾಯಸವನ್ನು ಹನ್ನೊಂದು ಎಲೆಗೆ ಬಡಿಸಿದರೆ ಒಬ್ಬೊಬ್ಬರಿಗೂ ಸ್ವಲ್ಪ ಕಡಮೆ. ಆ ನಷ್ಟ ತುಂಬಲು ಹೊಸಬರು ಹಳಬರಿಗೆ ಹಣ ತೆರಬೇಕೆಂದು 2021ರ ಒಪ್ಪಂದದಲ್ಲೇ 20 ಕೋಟಿ ಡಾಲರ್ ಗೊತ್ತುಮಾಡಿದ್ದರು.

ಆದುದರಿಂದ ಬಹುಮಂದಿ ಎರಡನೆಯ ದಾರಿ ಹಿಡಿಯುತ್ತಾರೆ. ತಂಡಗಳು ಹಳೆಯ ಮನೆಗಳಂತೆ ಕೈಯಿಂದ ಕೈಗೆ ಹೋಗುತ್ತವೆ. ಕೆನ್ ಟಿರೆಲ್ ಎಂಬ ಇಂಗ್ಲೆಂಡಿನ ಮರದ ವ್ಯಾಪಾರಿಯ ತಂಡವನ್ನು ಸಿಗರೇಟು ಕಂಪೆನಿ ಕೊಂಡಿತು. ಅದರಿಂದಾದ ತಂಡವನ್ನು ಹೋಂಡಾ ಕೊಂಡಿತು. 2008ರ ಆರ್ಥಿಕ ಮುಗ್ಗಟ್ಟಿನಲ್ಲಿ ಹೋಂಡಾ ಇದ್ದಕ್ಕಿದ್ದಂತೆ ಕೈಕೊಡವಿತು. ತಂಡದ ಮುಖ್ಯಸ್ಥನಾಗಿದ್ದ ರಾಸ್ ಬ್ರಾನ್ ಹೆಸರಿಗೆ ಒಂದು ಪೌಂಡು ಕೊಟ್ಟು ಅದನ್ನು ವಹಿಸಿಕೊಂಡ. ಮರುವರ್ಷ, 2009ರಲ್ಲಿ, ಅದೇ ತಂಡ ಚಾಲಕನ ಪದವಿಯನ್ನೂ ತಂಡದ ಪದವಿಯನ್ನೂ ಗೆದ್ದಿತು! ಹೋಂಡಾದ ಹಣದಲ್ಲಿ ವಿನ್ಯಾಸವಾದ ಗಾಡಿ ಹೋಂಡಾ ಹೋದ ಮೇಲೆ ಗೆದ್ದಿತು. ಆಮೇಲೆ ಅದನ್ನು ಮರ್ಸಿಡಿಸ್ ಕೊಂಡು, 2014ರಿಂದ 2021ರವರೆಗೆ ಎಂಟು ವರ್ಷ ಸತತವಾಗಿ ತಂಡದ ಪದವಿಯನ್ನು ಇಟ್ಟುಕೊಂಡಿತು. 2026ಕ್ಕೆ ಬಂದ ಜರ್ಮನಿಯ ಆಡಿ ಕಂಪೆನಿಯೂ ಹೊಸ ತಂಡ ಕಟ್ಟಲಿಲ್ಲ. 1993ರಿಂದ ಇದ್ದ ಸ್ವಿಟ್ಜರ್ಲೆಂಡಿನ ಸೌಬರ್ ತಂಡವನ್ನೇ ಕೊಂಡಿತು.

ಈ ದಾರಿಯಲ್ಲಿ ಕನ್ನಡ ನಾಡಿನ ಹೆಜ್ಜೆಯೂ ಒಂದುಂಟು. ಬೆಂಗಳೂರಿನ ಮದ್ಯೋದ್ಯಮಿ ವಿಜಯ ಮಲ್ಯ 2007ರಲ್ಲಿ ಪಾಲುದಾರರೊಡನೆ ಸ್ಪೈಕರ್ ತಂಡವನ್ನು ಕೊಂಡು, 2008ರಿಂದ ಫೋರ್ಸ್ ಇಂಡಿಯಾ ಎಂದು ಓಡಿಸಿದರು. 2009ರಲ್ಲಿ ಬೆಲ್ಜಿಯಂನಲ್ಲಿ ಅದರ ಗಾಡಿ ಎರಡನೆಯದಾಗಿ ಬಂದಿತು. ಹತ್ತು ವರ್ಷ ನಡೆದು, 2018ರಲ್ಲಿ ಸಾಲದ ಹೊರೆಯಿಂದ ತಂಡ ಬೇರೆಯವರ ಪಾಲಾಯಿತು. ಆ ಮನೆಗೆ ಈಗ ಆಸ್ಟನ್ ಮಾರ್ಟಿನ್ ಎಂದು ಹೆಸರು. ಆ ಹತ್ತು ವರ್ಷಗಳಲ್ಲಿ ಅದರ ಗಾಡಿಯನ್ನು ಪಂದ್ಯದಲ್ಲಿ ಓಡಿಸಿದ ಭಾರತೀಯ ಒಬ್ಬನೂ ಇಲ್ಲ. ಹೆಸರು ನಮ್ಮದು, ಆಸನ ಬೇರೆಯವರದು.

ಮೂರನೆಯ ದಾರಿ ಇಂಜಿನ್ನಿನದು. 1967ರಲ್ಲಿ ಫೋರ್ಡ್ ಕಂಪೆನಿ ಒಂದು ಲಕ್ಷ ಪೌಂಡು ಕೊಟ್ಟು ಕಾಸ್ವರ್ತ್ ಎಂಬ ಸಣ್ಣ ಸಂಸ್ಥೆಯಿಂದ ಇಂಜಿನ್ನು ಮಾಡಿಸಿತು. ಅದು ಮೊದಲ ಪಂದ್ಯದಲ್ಲೇ ಗೆದ್ದಿತು. ಒಟ್ಟು 155 ಪಂದ್ಯ ಗೆದ್ದಿತು. ಮರುವರ್ಷದಿಂದ ಅದನ್ನು ಬೇರೆ ತಂಡಗಳಿಗೂ ಮಾರಿದ್ದರಿಂದ ಸಣ್ಣ ಸಣ್ಣ ತಂಡಗಳೂ ತಲೆಯೆತ್ತಿದುವು. ಹಾಗೆ ತಲೆಯೆತ್ತಿದವರಲ್ಲಿ ಆ ಮರದ ವ್ಯಾಪಾರಿಯೂ ಒಬ್ಬ. ಈಗಿನ ಕಟ್ಟಳೆ 2026ರಿಂದ ಇಂಜಿನ್ನಿನ ಶಕ್ತಿಯಲ್ಲಿ ಸುಮಾರು ಅರ್ಧ ವಿದ್ಯುತ್ತಿನಿಂದ ಬರಬೇಕೆನ್ನುತ್ತದೆ. ಕಂಪೆನಿಗಳು ಸಾಲುಗಟ್ಟಿ ಬರುತ್ತಿರುವುದಕ್ಕೆ ಇದೂ ಕಾರಣ: ರಸ್ತೆಯಲ್ಲಿ ಮಾರಬೇಕಾದ ಗಾಡಿಯ ವಿದ್ಯೆ ಇಲ್ಲಿ ಕಲಿಯಲು ಸಿಗುತ್ತದೆ. ಜೊತೆಗೆ 2021ರಿಂದ ತಂಡದ ವೆಚ್ಚಕ್ಕೆ ಮಿತಿ ಹಾಕಿದ್ದಾರೆ. ಮೊದಲ ವರ್ಷ ಅದು 14.5 ಕೋಟಿ ಡಾಲರ್. ಮುಳುಗುವ ಭಯ ಅಷ್ಟು ಕಡಮೆಯಾಯಿತು.

ಟಿಪ್ಪಣಿ ಓದಿ ಮುಗಿಸಿದಾಗ ರಾತ್ರಿ ಒಂಬತ್ತು. ಅಣ್ಣನ ಮನೆಯ ನಡುಮನೆಯಲ್ಲಿ ಯಾರೂ ಮಾತಾಡಲಿಲ್ಲ. ಅತ್ತಿಗೆ ಮೊದಲು ಕೇಳಿದ್ದು ನಾನು ಬರೆಯಲು ಮರೆತ ವಿಷಯ: "ಅದರಲ್ಲಿ ಜೀವಕ್ಕೆ ಅಪಾಯ ಎಷ್ಟು?" ಇದ್ದದ್ದನ್ನು ಹೇಳಿದೆ. 2018ರಿಂದ ಚಾಲಕನ ತಲೆಯ ಸುತ್ತ ಲೋಹದ ಬಳೆ ಬಂದಿದೆ. 2020ರಲ್ಲಿ ಬಹ್ರೇನಿನಲ್ಲಿ ರೊಮೈನ್ ಗ್ರೋಜಾನನ ಗಾಡಿ ಎರಡು ತುಂಡಾಗಿ ಹೊತ್ತಿ ಉರಿದರೂ, ಅರ್ಧ ನಿಮಿಷದೊಳಗೆ ಅವನು ಬೆಂಕಿಯಿಂದ ನಡೆದು ಬಂದ. ಆದರೆ 2014ರಲ್ಲಿ ಜಪಾನಿನಲ್ಲಿ ಪೆಟ್ಟಾದ ಜೂಲ್ಸ್ ಬಿಯಾಂಕಿ ಮರುವರ್ಷ ತೀರಿಕೊಂಡ. ಅತ್ತಿಗೆ ತಲೆಯಾಡಿಸಿದರು, ಏನೂ ಹೇಳಲಿಲ್ಲ.

"ಸೈಟು ಮಾರಿದರೆ ಎಲ್ಲಿಯವರೆಗೆ ಸಾಕಾದೀತು?" ಎಂದ ಅಣ್ಣ.

"ಕಾರ್ಟಿನ ಮೆಟ್ಟಿಲು ದಾಟಬಹುದು. ಫಾರ್ಮುಲಾ ನಾಲ್ಕರ ಬಾಗಿಲಿಗೆ ಹೋಗಿ ನಿಲ್ಲಬಹುದು. ಅಲ್ಲಿ ನಿನ್ನ ಹಣ ಮುಗಿಯುತ್ತದೆ. ಅಲ್ಲಿಂದ ಯಾರಾದರೂ ಎತ್ತಬೇಕು, ಇಲ್ಲವೆ ಇಳಿಯಬೇಕು."

ಆಗ ಒಳಕೋಣೆಯ ಬಾಗಿಲಿನಲ್ಲಿ ಹುಡುಗ ನಿಂತಿದ್ದುದು ಕಂಡಿತು. ಎಷ್ಟು ಹೊತ್ತಿನಿಂದ ನಿಂತಿದ್ದನೋ. "ಚಿಕ್ಕಪ್ಪ, ನಾನು ಸೋತರೆ ಅಪ್ಪನಿಗೆ ಸೈಟು ವಾಪಸ್ಸು ಬರುತ್ತದೆಯೇ?" ಎಂದು ಕೇಳಿದ.

ಅದಕ್ಕೆ ಉತ್ತರ ಎಲ್ಲರಿಗೂ ಗೊತ್ತಿತ್ತು. ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಅಣ್ಣ ಎದ್ದು ಹೋಗಿ ಅವನ ತಲೆಯ ಮೇಲೆ ಕೈಯಿಟ್ಟ. ಸ್ವಲ್ಪ ಹೊತ್ತಿನ ಮೇಲೆ, "ಸೈಟು ಹಾಗೇ ಇರಲಿ" ಎಂದ. ಹೊಸ ಸ್ಕೂಟರಿಗೆಂದು ಕೂಡಿಟ್ಟ ಹಣವಿದೆ, ಅದರಲ್ಲಿ ಒಂದು ವರ್ಷ ಕ್ಲಬ್ಬಿನ ಕಾರ್ಟ್ ಪಂದ್ಯಗಳಲ್ಲಿ ಓಡಿಸಲಿ. ವರ್ಷದ ಕೊನೆಗೆ ಗಡಿಯಾರ ಏನು ಹೇಳುತ್ತದೋ ಅದನ್ನು ಕೇಳೋಣ. ಕಳೆದರೆ ಸ್ಕೂಟರು ಕಳೆಯಿತು. ಹಳೆಯದು ಇನ್ನೂ ಓಡುತ್ತದೆ. ಅತ್ತಿಗೆ ಒಂದು ಕರಾರು ಸೇರಿಸಿದರು: ಶಾಲೆಯ ಅಂಕ ಇಳಿಯಕೂಡದು.

ಬಾಗಿಲ ತನಕ ಬಂದ ಅಣ್ಣ, "ನಿನ್ನನ್ನು ಓದಿಸಿದ್ದು ಇದಕ್ಕೇ ಇರಬೇಕು" ಎಂದ. ಹೊಗಳಿದನೋ, ನೊಂದುಕೊಂಡನೋ ತಿಳಿಯಲಿಲ್ಲ. ನಾನು ಬೇಡವೆಂದು ಬರೆಯಲಿಲ್ಲ, ಹೂಂ ಎಂದೂ ಬರೆಯಲಿಲ್ಲ, ಇದ್ದದ್ದನ್ನು ಬರೆದೆ. ಆದರೂ ಬಸ್ಸಿನಲ್ಲಿ ಕುಳಿತಾಗ, ನನ್ನ ಕಾಲೇಜಿನ ಫೀಸು ಕಟ್ಟುವ ದಿನ ಯಾರಾದರೂ ಅಣ್ಣನ ಮುಂದೆ ಹೀಗೆ ಲೆಕ್ಕ ಬಿಡಿಸಿ ಓದಿದ್ದರೆ ಅವನು ಏನು ಮಾಡುತ್ತಿದ್ದ ಎಂಬ ಯೋಚನೆ ಬಂದಿತು. ಬಹುಶಃ ಆಗಲೂ ಕಟ್ಟುತ್ತಿದ್ದ.

ಹುಡುಗನ ಮೊದಲ ಪಂದ್ಯ ಬರುವ ತಿಂಗಳು ಎರಡನೆಯ ಭಾನುವಾರ. ನನಗೂ ಬರಹೇಳಿದ್ದಾನೆ. ಕಿವಿಗೆ ಹತ್ತಿ ಇಟ್ಟುಕೊಂಡು ಹೋಗುವುದೆಂದು ನಿಶ್ಚಯಿಸಿದ್ದೇನೆ.